ಪದಚರ್ಚೆ: ಸೈಬರ್ ಭದ್ರತೆಯ ಪಾಠದಲ್ಲಿ ‘ಕುತೂಹಲ’ವೋ ‘ಜಿಜ್ಞಾಸೆ’ಯೋ?

ಮಾನ್ಯರೇ,

ಸೈಬರ್ ಭದ್ರತೆಯ ತರಬೇತಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಸಿದ್ಧಪಡಿಸುವಾಗ ಎದುರಾದ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಈ ವಿದ್ಯೆಯಲ್ಲಿ ಕಲಿಯುವವರನ್ನು ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಹಿಡಿದು ಕೂರಿಸುವುದು ಕುತೂಹಲ ಎಂದು ಒಂದು ಪುಟದಲ್ಲಿ ಬರೆದರೆ, ಇಮೇಲ್ ಜೊತೆ ಬಂದ ಕಡತವನ್ನು ಬರೀ ಕುತೂಹಲಕ್ಕೆ ತೆರೆಯಬೇಡಿ ಎಂದು ಮರುಪುಟದಲ್ಲೇ ಬರೆಯಬೇಕಾಗುತ್ತದೆ. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಸೋಗಿನಲ್ಲಿ ಹಬ್ಬಿದ ‘ಐ ಲವ್ ಯೂ’ ಕುತಂತ್ರಾಂಶ ಲಕ್ಷಾಂತರ ಕಂಪ್ಯೂಟರುಗಳನ್ನು ಹೊಕ್ಕಿದ್ದು ಈ ಎರಡನೆಯ ಬಗೆಯ ಕುತೂಹಲದಿಂದಲೇ.

ಮೊದಲನೆಯದು ಬೇರೆ ಜಾತಿಯದು. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಮೂಲತಃ ಖಗೋಳವಿಜ್ಞಾನಿಯಾಗಿದ್ದ ಕ್ಲಿಫರ್ಡ್ ಸ್ಟಾಲ್ ಅದನ್ನು ಚಿಲ್ಲರೆಯೆಂದು ಬಿಡದೆ, ಹೊರಗಿನಿಂದ ಬರುವ ಸಂಪರ್ಕಗಳಿಗೆ ಪ್ರಿಂಟರುಗಳನ್ನು ಜೋಡಿಸಿ, ನುಸುಳುಕೋರ ಒತ್ತಿದ ಒಂದೊಂದು ಕೀಲಿಯನ್ನೂ ಕಾಗದಕ್ಕಿಳಿಸಿಕೊಂಡು, ತಿಂಗಳುಗಟ್ಟಲೆ ಬೆನ್ನುಹತ್ತಿ, ಜಾಡನ್ನು ಪಶ್ಚಿಮ ಜರ್ಮನಿಯ ಹ್ಯಾನೋವರ್‌ವರೆಗೆ ಕೊಂಡೊಯ್ದರು. ಸ್ವಾರಸ್ಯವೆಂದರೆ, ದೂರವಾಣಿ ಕರೆಯ ಮೂಲ ಪತ್ತೆಯಾಗುವಷ್ಟು ಹೊತ್ತು ಆ ನುಸುಳುಕೋರನನ್ನು ಸಂಪರ್ಕದಲ್ಲೇ ಹಿಡಿದಿಟ್ಟಿದ್ದು ಸ್ಟಾಲ್ ಹೆಣೆದಿಟ್ಟ ಸುಳ್ಳು ರಕ್ಷಣಾ ಕಡತಗಳು. ಅಂದರೆ ಕುತೂಹಲಕ್ಕೆ ಕುತೂಹಲವೇ ಗಾಳವಾಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2013ರಲ್ಲಿ ಆರಂಭಿಸಿದ ಪಿಕೋಸಿಟಿಎಫ್‌ನಂತಹ ಸೈಬರ್ ಭದ್ರತಾ ಸ್ಪರ್ಧೆಗಳು ವಿದ್ಯಾರ್ಥಿಗಳ ಮುಂದೆ ಪಾಠದ ಬದಲು ಒಗಟನ್ನಿಡುವುದು ಸ್ಟಾಲ್ ತೋರಿದಂತಹ ಹಟವನ್ನು ನೆಚ್ಚಿಕೊಂಡೇ.

ಇದಕ್ಕೆ ‘ಜಿಜ್ಞಾಸೆ’ ಎನ್ನಬಹುದೇ? ತಿಳಿಯುವ ಇಚ್ಛೆ ಎಂಬ ಮೂಲಾರ್ಥವೇನೋ ಕರಾರುವಾಕ್ಕಾಗಿದೆ. ಆದರೆ ‘ಕಾನೂನು ಜಿಜ್ಞಾಸೆ ಎದ್ದಿದೆ’ ಎಂದು ಪತ್ರಿಕೆಗಳಲ್ಲಿ ಓದುವವರಿಗೆ ಅದು ಇತ್ಯರ್ಥವಾಗದ ಚರ್ಚೆಯಾಗಿ ಕೇಳಿಸುತ್ತದೆ. ‘ಜಿಜ್ಞಾಸು’ ಎಂದರಂತೂ ಗುರುವನ್ನು ಅರಸಿ ಹೊರಟ ಸಾಧಕನೇ ಕಣ್ಮುಂದೆ ಬರುತ್ತಾನೆ. ‘ಕೌತುಕ’ದಲ್ಲಿ ಬೆರಗಿದೆ, ಬೆನ್ನುಹತ್ತುವ ಗುಣವಿಲ್ಲ. ‘ಆಸಕ್ತಿ’ ಸಪ್ಪೆ.

ಸದ್ಯಕ್ಕೆ ಕಲಿಕೆಯ ಭಾಗದಲ್ಲಿ ‘ಕೆದಕಿ ನೋಡುವ ಕುತೂಹಲ’ ಎಂದೂ ಎಚ್ಚರಿಕೆಯ ಭಾಗದಲ್ಲಿ ‘ಇಣುಕುವ ಚಪಲ’ ಎಂದೂ ಬರೆದುಕೊಂಡಿದ್ದೇನೆ. ಎರಡನೆಯದು ನನಗೆ ಒಪ್ಪಿಗೆಯಾಗಿದೆ. ಮೊದಲನೆಯದು ಪರಿಭಾಷೆಯಾಗಲು ಉದ್ದವಾಯಿತು ಎನಿಸುವುದರಿಂದ, ಬಿಡದೆ ಬುಡ ಹುಡುಕುವ ಸ್ವಭಾವಕ್ಕೆ ನಿಮ್ಮ ಸೀಮೆಯ ಆಡುಮಾತಿನಲ್ಲಿ ಒಂದೇ ಪದವಿದ್ದರೆ, ಅದು ಹೊಗಳಿಕೆಯಾಗಿ ಬಳಕೆಯಲ್ಲಿದೆಯೋ ಬೈಗುಳಾಗಿಯೋ ಎಂಬುದರ ಸಮೇತ ದಯವಿಟ್ಟು ತಿಳಿಸಿ.