ಶಿರಸಿಯ ಕಾನಿನಲ್ಲಿ ಕಪ್ಪು-ಕಿತ್ತಳೆ ನೊಣಹಿಡುಕ ಇರಬಹುದೇ?

ಪ್ರಶ್ನೆ (ಶಿರಸಿ):
ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟಕ್ಕೆ ಹೊಂದಿಕೊಂಡು ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದ್ದು, ಅದರಾಚೆ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು, ಆರಂಭವಾಗುತ್ತದೆ. ಡಿಸೆಂಬರ್ ಮೊದಲ ವಾರ ಬೆಳಿಗ್ಗೆ ದರಕು (ಉದುರಿದ ಎಲೆ) ಗುಡಿಸಲು ಹೋದಾಗ, ಗುಬ್ಬಿ ಗಾತ್ರದ ಹಕ್ಕಿಯೊಂದು ನೆಲದ ಮೇಲೆ ಎಲೆ ಮಗುಚಿ ಹುಳು ಹೆಕ್ಕುತ್ತಿತ್ತು. ಎದೆ ಕಿತ್ತಳೆ, ತಲೆ ಕಪ್ಪು. ನಾನು ಕೈ ಅಲ್ಲಾಡಿಸಿದ ಕೂಡಲೇ ಪೊದೆಯೊಳಗೆ ನುಸುಳಿತು. ಪಶ್ಚಿಮ ಘಟ್ಟದಲ್ಲಷ್ಟೇ ಇರುವ ಕಪ್ಪು-ಕಿತ್ತಳೆ ನೊಣಹಿಡುಕದ ಚಿತ್ರ ನೋಡಿದಾಗ ಇದೇ ಅದು ಎನ್ನಿಸಿತು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಕಾರವಾರ):
ಅದಾಗಿರುವ ಸಾಧ್ಯತೆ ಬಹಳ ಕಡಿಮೆ. ಆ ಹಕ್ಕಿಯ ಮುಖ್ಯ ನೆಲೆ ನೀಲಗಿರಿ, ಪಳನಿ ಮತ್ತು ಆಸುಪಾಸಿನ ಎತ್ತರದ ಬೆಟ್ಟಗಳು. ಅದು ಹೆಚ್ಚಾಗಿ ಕಾಣಸಿಗುವುದು 1500 ಮೀಟರಿಗಿಂತ ಮೇಲಿನ ಶೋಲಾ ಕಾಡುಗಳಲ್ಲಿ, ಅಂದರೆ ಎತ್ತರದ ಬೆಟ್ಟಗಳ ಕಣಿವೆಗಳಲ್ಲಿ ಬೆಳೆಯುವ ಕುಳ್ಳ ನಿತ್ಯಹಸಿರು ಕಾಡುಗಳಲ್ಲಿ. ನಮ್ಮ ಜಿಲ್ಲೆಯ ಘಟ್ಟವೋ ತಗ್ಗು, ಶಿರಸಿಯ ಎತ್ತರ ಸುಮಾರು 600 ಮೀಟರ್. ಒಂದು ವಿಷಯ ನೆನಪಿಸಿಕೊಂಡು ಹೇಳಿ: ಬೆನ್ನಿನ ಬಣ್ಣ ಯಾವುದಿತ್ತು? ಕಪ್ಪು-ಕಿತ್ತಳೆ ನೊಣಹಿಡುಕದ ಗಂಡಿಗೆ ತಲೆ ಮತ್ತು ರೆಕ್ಕೆ ಮಾತ್ರ ಕಪ್ಪು, ಬೆನ್ನು ಬಾಲಗಳೂ ಕಿತ್ತಳೆಯೇ. ಬೆನ್ನು ಕಪ್ಪಾಗಿ ಕಂಡಿದ್ದರೆ ಅದು ಇಂಡಿಯನ್ ಬ್ಲೂ ರಾಬಿನ್ ಎಂಬುದು ನನ್ನ ಅಭಿಪ್ರಾಯ. ಕಾನಿನ ನೆರಳಲ್ಲಿ ಅದರ ಬೆನ್ನಿನ ಕಡುನೀಲಿ ಕಪ್ಪಾಗಿಯೇ ಕಾಣುತ್ತದೆ. ಕಣ್ಣಿನ ಮೇಲೆ ಬಿಳಿ ಹುಬ್ಬು ಇತ್ತೇ ಎಂಬುದನ್ನೂ ಗಮನಿಸಿ.

ಈ ಬ್ಲೂ ರಾಬಿನ್ ಬೇಸಿಗೆಯಲ್ಲಿ ಹಿಮಾಲಯದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಪಶ್ಚಿಮ ಘಟ್ಟಕ್ಕೂ ಶ್ರೀಲಂಕೆಗೂ ಬರುತ್ತದೆ. ಮರದ ತುದಿಯನ್ನು ನೋಡುತ್ತ ನಡೆಯುವವರಿಗೆ ಇದು ಸಿಗುವುದೇ ಇಲ್ಲ, ಏಕೆಂದರೆ ಇದರ ಬದುಕೆಲ್ಲ ಪೊದೆಯ ಬುಡದಲ್ಲಿ, ಒದ್ದೆ ದರಕಿನ ನಡುವೆ.

ಉತ್ತರ (ಕುಮಟಾ):
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ನೀಲಗಿರಿಯ ಕೋಟಗಿರಿಯಲ್ಲಿರುವ ಲಾಂಗ್‌ವುಡ್ ಶೋಲಾದಲ್ಲಿ ನಾನು ಕಪ್ಪು-ಕಿತ್ತಳೆ ನೊಣಹಿಡುಕವನ್ನು ಹತ್ತಿರದಿಂದ ನೋಡಿದ್ದೇನೆ. ನೆಲದಿಂದ ಮೊಳಕಾಲೆತ್ತರದ ಕಡ್ಡಿಯ ಮೇಲೆ ಕುಳಿತು, ಕೆಳಗಿಳಿದು ಒಂದು ಹುಳು ಹಿಡಿದು, ಮತ್ತೆ ಬಹುತೇಕ ಅದೇ ಕಡ್ಡಿಗೆ ಮರಳುತ್ತಿತ್ತು. ಹೆಸರು ನೊಣಹಿಡುಕವಾದರೂ ಅದರ ಬೇಟೆ ಬಹುಪಾಲು ನೆಲದ ಹತ್ತಿರವೇ. ಅದು ವಲಸೆ ಹೋಗುವ ಹಕ್ಕಿಯಲ್ಲ. ತನ್ನ ಬೆಟ್ಟ ಬಿಟ್ಟು ಕದಲುವುದಿಲ್ಲ. ಮಾರ್ಚ್‌ನಿಂದ ಮೇವರೆಗಿನ ಅವಧಿಯಲ್ಲಿ ತಗ್ಗು ಪೊದೆಯಲ್ಲಿ ಒಣಗಿದ ಎಲೆ, ಜರಿಗಿಡದ ಗರಿಗಳನ್ನು ಸೇರಿಸಿ ಚೆಂಡಿನಂತೆ ಗೂಡು ಕಟ್ಟಿ, ಪಕ್ಕದಲ್ಲಿ ಬಾಗಿಲು ಬಿಟ್ಟು, ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ದೂರದಿಂದ ಆ ಗೂಡು ಕೊಂಬೆಗೆ ಸಿಕ್ಕಿಕೊಂಡ ಕಸದ ಮುದ್ದೆಯಂತೆ ಕಾಣುವುದರಿಂದ ಕಣ್ತಪ್ಪುವುದು ಸಹಜ. ಶೋಲಾದ ಅಡಿಗಿಡಗಳನ್ನು ಕಡಿದರೆ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ ಎಂಬುದು ನನ್ನನ್ನು ನಿಜವಾಗಿಯೂ ಕಾಡುವ ಸಂಗತಿ.

ತಾವು ಕಂಡ ಹಕ್ಕಿ ಮೊನ್ನೆಯ ಜಾಗದಲ್ಲೇ ಮತ್ತೆ ಸಿಗಬಹುದು. ಬೆಳಕು ಹರಿಯುವ ಹೊತ್ತಿಗೆ ಹೋಗಿ, ನಿಂತಲ್ಲೇ ಅರ್ಧ ಗಂಟೆ ಅಲುಗಾಡದೆ ಇರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಹೋಗಿ ಹಲಸಿನ ಮರದ ಬೇರಿನ ಬಳಿ ಕುಳಿತಿದ್ದೆ. ಹಕ್ಕಿ ಬಂತು, ನಾಲ್ಕು ಮಾರು ದೂರದಲ್ಲಿ ಬಾಲ ಕುಣಿಸುತ್ತ ಜಿಗಿಯಿತು. ಬಿಸಿಲ ಕೋಲೊಂದು ಬೆನ್ನಿನ ಮೇಲೆ ಬಿದ್ದಾಗ ಸ್ಪಷ್ಟವಾಗಿ ನೀಲಿ. ಕಣ್ಣ ಮೇಲೆ ಎಳೆದಿಟ್ಟಂತೆ ಬಿಳಿ ಗೆರೆ. ಆ ಮೂಲೆಯ ದರಕನ್ನು ಏಪ್ರಿಲ್ ಕಳೆಯುವವರೆಗೆ ಗುಡಿಸಬಾರದೆಂದು ಮನೆಯಲ್ಲಿ ಹೇಳಿದ್ದೇನೆ.