ಶುಕ್ರವಾರ ಮೀನಿನ ಕಸ ಎಲ್ಲಿಡೋದು?

ಶಿವಮೊಗ್ಗದ ಹುಡುಗಿ:
ಮಂಗಳೂರಿನ ಉರ್ವಾಸ್ಟೋರ್ ಕಡೆ ಬಾಡಿಗೆಗೆ ಬಂದು ನಾಲ್ಕು ತಿಂಗಳಾಯ್ತು. ಕೆಳಗಿನ ಮನೆ. ಅಂಗಳ ಅಂದ್ರೆ ನಾಲ್ಕು ಹೆಜ್ಜೆ ಸಿಮೆಂಟು, ಮೂಲೆಯಲ್ಲಿ ಓನರ್ ಅವರ ಒಂದು ತೆಂಗಿನಮರ, ಅಷ್ಟೇ. ನಮ್ಮ ಬೀದಿಗೆ ಕಸದ ಗಾಡಿ ಬೆಳಿಗ್ಗೆ ಏಳೂವರೆಗೆ ಬರುತ್ತೆ. ಶುಕ್ರವಾರ ಒಣಕಸ ಮಾತ್ರ, ಉಳಿದ ದಿನ ಹಸಿಕಸ.

ತೊಂದರೆ ನಮ್ಮನೆಯವರದ್ದು. ಇಲ್ಲಿಗೆ ಬಂದಮೇಲೆ ಅವರಿಗೆ ಬಂಗುಡೆ ಹುಚ್ಚು ಹಿಡಿದಿದೆ, ತರೋದು ಗುರುವಾರ ಸಂಜೆಯೇ. ಹೋದ ವಾರ ತಲೆ, ಕರುಳನ್ನೆಲ್ಲ ನಾಲ್ಕು ಪದರ ಪೇಪರಲ್ಲಿ ಸುತ್ತಿ ಒಣಕಸದ ಚೀಲದ ತಳಕ್ಕೆ ಸೇರಿಸಿಬಿಟ್ಟೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಚೀಲದ ಹಿಂದೆಯೇ ಎರಡು ಬೆಕ್ಕು ಬಂದಿದ್ದು ನಾನು ನೋಡಲಿಲ್ಲ, ಗಾಡಿಯ ಅಕ್ಕ ನೋಡಿದ್ರು. ಬೀದಿಯವರೆಲ್ಲ ಬಕೆಟ್ ಹಿಡ್ಕೊಂಡು ನಿಂತಿರುವಾಗಲೇ ಚೀಲ ಬಿಚ್ಚಿ, "ಇದೆಂತ ಮೇಡಂ, ಇವತ್ತು ಶುಕ್ರವಾರ ಅಲ್ವಾ?" ಅಂದ್ರು. ತಪ್ಪು ನನ್ನದೇ, ವಾಪಸ್ ತಂದೆ.

ಶನಿವಾರದವರೆಗೆ ಆ ಕಸ ಎಲ್ಲಿಡ್ತೀರಿ ನೀವೆಲ್ಲ? ಹಾಗೇ ಹಾಲಿನ ಪ್ಯಾಕೆಟ್ ತೊಳೆಯಲೇಬೇಕಾ? ಪ್ಯಾಡ್ ಯಾವುದಕ್ಕೆ ಹಾಕೋದು?

ಬೋಳೂರಿನ ಅಮ್ಮ:
ನಾಚಿಕೆ ಬೇಡ ಮಗಾ, ಬೆಕ್ಕಿನಿಂದ ಸಿಕ್ಕಿಬಿದ್ದವಳು ನೀನೊಬ್ಬಳೇ ಅಲ್ಲ. ಮೊದಲನೇದಾಗಿ, ಮೀನಿನವರ ಹತ್ರವೇ ಕತ್ತರಿಸಿ ಕೊಡ್ಲಿಕ್ಕೆ ಹೇಳು. ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಕೊಟ್ರೆ ಆಯ್ತು, ಅರ್ಧ ಕಸ ಅಲ್ಲೇ ಉಳೀತದೆ. ಉಳಿದದ್ದನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಿ ಫ್ರೀಜರಿಗೆ ಇಡು. ಶನಿವಾರ ಬೆಳಿಗ್ಗೆ ಗಾಡಿಯ ಸೀಟಿ ಕೇಳಿದ ಮೇಲೆ ತೆಗೆದು ಬಕೆಟಿಗೆ ಕವುಚಿದರೆ ಆಯ್ತು, ವಾಸನೆಯೇ ಇಲ್ಲ. ಐಸ್‌ಕ್ರೀಮ್ ಡಬ್ಬಿಯಲ್ಲಿ ಮಾತ್ರ ಇಡಬೇಡ. ನಮ್ಮ ಮೊಮ್ಮಗ ಒಂದು ಸಲ ಚಮಚ ಹಿಡ್ಕೊಂಡು ಮುಚ್ಚಳ ತೆಗೆದಿದ್ದಾನೆ.

ತೆಂಗಿನ ಬುಡಕ್ಕೆ ಹುಗಿಯಬಹುದು, ತೆಂಗಿಗೆ ಒಳ್ಳೆಯದೇ. ಆದ್ರೆ ಮೊಣಕೈ ಆಳದ ಗುಂಡಿ ಬೇಕು, ಮೇಲೆ ಕಲ್ಲು ಇಡಬೇಕು, ಓನರಿಗೂ ಹೇಳಬೇಕು. ಜೂನ್ ನಂತರ ಆಗ್ಲಿಕ್ಕಿಲ್ಲ. ಮಳೆಗೆ ಗುಂಡಿ ತುಂಬಿ ಎಲ್ಲ ಮೇಲೆ ಬರ್ತದೆ. ರಾಮಕೃಷ್ಣ ಮಠದವರು ಹೇಳಿಕೊಟ್ಟ ಮಡಕೆ ಗೊಬ್ಬರ ನಾನು ಮಾಡ್ತೇನೆ, ತರಕಾರಿ ಸಿಪ್ಪೆಗೆ ಅದು ಭಾರೀ ಲಾಯ್ಕ್. ಮೀನು ಹಾಕಿದ್ರೆ ಹುಳ. ಸಿಗಡಿ ಸಿಪ್ಪೆಯ ಕಥೆಯಂತೂ ಕೇಳುವುದೇ ಬೇಡ.

ವಾಮಂಜೂರು ಬಸ್ಸು:
ಮೀನಿನ ಕಸಕ್ಕೆ ಅಮ್ಮ ಹೇಳಿದ್ದು ಸರಿ ಉಂಟು. ನಾನು ಬೇರೆ ವಿಷಯ ಹೇಳ್ತೇನೆ. ಡಬ್ಬಿಯಿಂದ ತೆಗೆದದ್ದನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಗಂಟು ಕಟ್ಟಿ ಕೊಡಬೇಡಿ ಮಾರಾಯ್ರೆ. ತೊಟ್ಟೆಯೊಳಗೆ ಗಾಳಿ ಹೋಗುವುದಿಲ್ಲ, ಗೊಬ್ಬರ ಆಗುವುದಿಲ್ಲ, ಕೊಳೆತು ಗ್ಯಾಸ್ ಮತ್ತು ಕಪ್ಪು ನೀರು ಮಾತ್ರ ಆಗ್ತದೆ. ಊರಿನ ಕಸ ಸುರಿಯುವ ನಮ್ಮ ಪಚ್ಚನಾಡಿಯಲ್ಲಿ ಇಂಥದ್ದೇ ವರ್ಷಗಟ್ಟಲೆ ರಾಶಿ ಬಿದ್ದು, 2019ರ ಆಗಸ್ಟ್ ಮಳೆಗೆ ಗುಡ್ಡ ಜಾರಿದ ಹಾಗೆ ಜಾರಿತು. ಕೆಳಗಿನ ಮಂದಾರದಲ್ಲಿ ಅಡಿಕೆ, ತೆಂಗಿನ ತೋಟದ ಮೇಲೆಯೇ ಕಸ ಬಂದು ಕೂತಿತು. ಮನೆ ಬಿಟ್ಟವರನ್ನು ಕುಲಶೇಖರದ ಫ್ಲಾಟಿಗೆ ಸಾಗಿಸಿದ್ರು. ಅಂಗಳದಲ್ಲಿ ಅಡಿಕೆ ಒಣಗಿಸ್ತಿದ್ದವರಿಗೆ ಫ್ಲಾಟಿನಲ್ಲಿ ಎಂತ ಕೆಲಸ? ಕಪ್ಪು ನೀರು ಫಲ್ಗುಣಿಗೆ ಹೋಯ್ತು. ಅದೇ ಹೊಳೆಗೆ ಮರವೂರಿನಲ್ಲಿ ಕುಡಿಯುವ ನೀರಿನ ಅಣೆಕಟ್ಟು ಉಂಟು. ನಾಲ್ಕು ಬಂಗುಡೆ ತಲೆಗೆ ಇಷ್ಟು ಭಾಷಣವಾ ಅಂತ ಕೇಳಬೇಡಿ. ಬಕೆಟಿನ ತಳಕ್ಕೆ ಒಂದು ಪೇಪರ್ ಹಾಸಿ, ಸಾಕು.

ಕಾರ್ಕಳ ಪಂಚಾಯತ್ ಘಟಕ:
ಹಾಲಿನ ಪ್ಯಾಕೆಟಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. ನನ್ನದು ಗ್ರಾಮ ಪಂಚಾಯತಿನ ಕಸದ ಘಟಕದಲ್ಲಿ ವಿಂಗಡಿಸುವ ಕೆಲಸ. ನಮ್ಮ ಒಣಕಸ ಮತ್ತೆ ನಿಟ್ಟೆಯ ದೊಡ್ಡ ಘಟಕಕ್ಕೆ ಹೋಗ್ತದೆ. ಹಾಲಿನ ಪ್ಯಾಕೆಟಿಗೆ ಗುಜರಿಯಲ್ಲಿ ಬೆಲೆ ಉಂಟು. ಆದ್ರೆ ತೊಳೆಯದೆ ಕೊಟ್ರೆ ಎರಡೇ ದಿನದಲ್ಲಿ ಚೀಲ ಇಡೀ ಹುಳಿ ವಾಸನೆ, ಜೊತೆಗಿದ್ದ ಪೇಪರೂ ಹಾಳು. ಒದ್ದೆ ಪೇಪರನ್ನು ಯಾರೂ ಕೊಳ್ಳುವುದಿಲ್ಲ. ಅಕ್ಕಿ ತೊಳೆದ ನೀರಲ್ಲಿ ಒಮ್ಮೆ ಅದ್ದಿ ಬಟ್ಟೆ ಹಗ್ಗಕ್ಕೆ ಸಿಕ್ಕಿಸಿದ್ರೆ ಸಾಕು, ಸೋಪು ಬೇಡ. ಇನ್ನೊಂದು, ಪ್ಯಾಕೆಟಿನ ಮೂಲೆ ಕತ್ತರಿಸಿ ಬಿಸಾಡಬೇಡಿ, ಅಂಟಿಕೊಂಡೇ ಇರ್ಲಿ. ಆ ಚೂರುಗಳನ್ನು ಹೆಕ್ಕುವವರು ಯಾರೂ ಇಲ್ಲ. ಚಿಪ್ಸ್ ಪ್ಯಾಕೆಟಿನಲ್ಲಿ ಪ್ಲಾಸ್ಟಿಕ್ ಮತ್ತು ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪದರ ಅಂಟಿಕೊಂಡಿರ್ತದೆ, ಬಿಡಿಸ್ಲಿಕ್ಕೆ ಆಗುವುದಿಲ್ಲ. ಅಂಥದ್ದು ಸಿಮೆಂಟ್ ಕಾರ್ಖಾನೆಯ ಒಲೆಗೆ.

ಪ್ಯಾಡ್, ಡೈಪರ್ ಒಣಕಸಕ್ಕೂ ಬೇಡ, ಹಸಿಕಸಕ್ಕೂ ಬೇಡ. ಪೇಪರಲ್ಲಿ ಗಟ್ಟಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಬೇರೆ ಕೊಡಿ. ಸುತ್ತಿ ಕೊಡಬೇಕು ಅಂತ 2016ರ ಕಸದ ನಿಯಮದಲ್ಲೇ ಇತ್ತು. ನಿಯಮ ಬಿಡಿ, ಚೀಲಕ್ಕೆ ಕೈ ಹಾಕುವವರು ನಾವು.

ಶಿವಮೊಗ್ಗದ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಮೀನನ್ನು ಬುಧವಾರ ತನ್ನಿ ಅಂತ ನಮ್ಮನೆಯವರಿಗೆ ಹೇಳಿ ನೋಡಿದೆ. ದಕ್ಕೆ (ಮೀನಿನ ಬಂದರು) ಕಡೆಯಿಂದ ಬರುವ ಗೆಳೆಯನ ಸ್ಕೂಟರ್ ಸಿಗೋದು ಗುರುವಾರವೇ ಅಂತೆ. ಹಾಗಾಗಿ ಫ್ರೀಜರೇ ಗತಿ. ಹಳೇ ಇಡ್ಲಿಹಿಟ್ಟಿನ ಸ್ಟೀಲ್ ಡಬ್ಬಿ ಅದಕ್ಕೇ ಬಿಟ್ಟಿದೀನಿ. ಇವತ್ತು ಬೆಳಿಗ್ಗೆ ಅದನ್ನು ಬಕೆಟಿಗೆ ಕವುಚಿ ಹೊರಗೆ ತಂದೆ, ಮಂಜುಗಡ್ಡೆ ಥರ ಒಂದೇ ಮುದ್ದೆ. ಗಾಡಿಯ ಅಕ್ಕ ಬಗ್ಗಿ ನೋಡಿ "ಬಂಗುಡೆಯಾ?" ಅಂದ್ರು. ಅಲ್ಲ, ಈ ಸಲ ಬೂತಾಯಿ ಅಂದೆ. "ಕಿಲೋಗೆ ಎಷ್ಟು ಕೊಟ್ರಿ?" ಅಂತ ಕೇಳಿದ್ರು. ಹೇಳಿದೆ. ಜಾಸ್ತಿ ಕೊಟ್ಟಿದ್ದೀರಿ ಅಂದ್ರು.