ಮುಳ್ಳುತಂತಿ ನಡುವೆ ನುಸುಳುವ ಕರುಗಳಿಗೆ ಯಾವ ಬೇಲಿ?

ತಿಪಟೂರು ತೋಟ:
ಮೂರರಿಂದ ಏಳು ತಿಂಗಳ ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕರುಗಳು. ಬಿಡೋಕೆ ಅರ್ಧ ಎಕರೆ ಹುಲ್ಲು, ಹೆಚ್ಚುಕಮ್ಮಿ ಚೌಕ. ಹತ್ತಡಿಗೊಂದು ಕಲ್ಲುಕಂಬ, ನಾಲ್ಕು ಸಾಲು ಮುಳ್ಳುತಂತಿ ಇದೆ. ಹಸುಗಳಿಗೆ ಸಾಕಾಗಿತ್ತು, ಕರುಗಳು ಕೆಳಗಿನ ಎರಡು ಸಾಲಿನ ನಡುವೆ ತೂರಿ ಪಕ್ಕದ ರಾಗಿ ಹೊಲಕ್ಕೆ ಹೋಗ್ತಿವೆ. ಇನ್ನೆರಡು ಸಾಲು ಸೇರಿಸಿದ್ರೆ ಸಾಕಾ, ಜಾಲರಿನೇ ಬೇಕಾ? ಝಟ್ಕಾ ಬೇಲಿ (ಮಷೀನಿಂದ ಕರೆಂಟ್ ಹೊಡೆತ ಕೊಡೋದು) ಕರುಗಳಿಗೆ ಅಪಾಯನಾ?

ಬದುಬೇಲಿ:
ಮುಳ್ಳುತಂತಿ ಸೇರಿಸಬೇಡಿ ಸರ್, ಇರೋದರಲ್ಲೂ ಕೆಳಗಿನ ಎರಡು ಸಾಲು ಬಿಚ್ಚಿ. ಹಸು ಎದೆಯಿಂದ ತಳ್ಳುತ್ತೆ, ಕರು ತಲೆ ತೂರಿಸುತ್ತೆ. ಮುಳ್ಳು ಚುಚ್ಚಿದ್ರೆ ಹಿಂದೆ ಸರಿಯಲ್ಲ, ಮುಂದಕ್ಕೇ ನುಗ್ಗುತ್ತೆ. ಕಿವಿ, ಕಣ್ಣಿನ ರೆಪ್ಪೆ, ಗಂಗೆದೊಗಲು (ಕೊರಳ ಕೆಳಗಿನ ಜೋಲು ಚರ್ಮ) ಹರಿಯೋದು ಹಾಗೆ. ಗಾಯಕ್ಕೆ ನೊಣ ಕೂತ್ರೆ ಹುಳ.

ಚೈನ್ ಲಿಂಕ್ (ಹೆಣೆದ ತಂತಿ ಜಾಲರಿ) ಹಾಕಿ: 4 ಅಡಿ ಎತ್ತರ, 3 ಇಂಚು ಕಣ್ಣು, 10 ಗೇಜ್ ದಪ್ಪದ ಜಿಐ (ಸತು ಲೇಪಿಸಿದ ತಂತಿ). 12 ಗೇಜ್ ತಂತಿ ತೆಳು, ಅಗ್ಗ, ಆದರೆ ಕರುಗಳು ಮೈ ಉಜ್ಜಿ ಉಜ್ಜಿ ಜಾಲರಿಯನ್ನು ಉಬ್ಬಿಸಿಬಿಡ್ತವೆ. ಅರ್ಧ ಎಕರೆ ಚೌಕಕ್ಕೆ ಸುತ್ತಳತೆ ಸುಮಾರು 590 ಅಡಿ, 50 ಅಡಿಯ 12 ಸುರುಳಿ. ಮೇಲೆ, ನಡುವೆ, ಕೆಳಗೆ ಮೂರು ಸಾಲು 10 ಗೇಜ್ ತಂತಿ ಮೊದಲು ಎಳೆದು ಬಿಗಿ ಮಾಡಿ, ಆಮೇಲೆ ಜಾಲರಿ ಕಟ್ಟಿ. ಆ ತಂತಿ 35 ಕೆಜಿ ಆಗುತ್ತೆ, 40 ತನ್ನಿ. ಜಾಲರಿ ಕಂಬದ ಒಳಮಗ್ಗುಲಿಗೆ, ಅಂದ್ರೆ ಕರುಗಳ ಕಡೆಗೇ ಇರಲಿ. ಆಗ ಅವು ತಳ್ಳಿದ ಭಾರ ಕಂಬಕ್ಕೆ ಬೀಳುತ್ತೆ. ಹೊರಗೆ ಕಟ್ಟಿದ್ರೆ ಕಟ್ಟುತಂತಿ ಮೇಲೆ ಬಿದ್ದು ಒಂದೊಂದೇ ಕಿತ್ತುಬರುತ್ತೆ.

ಸೋಲೋದು ಯಾವಾಗಲೂ ಕೆಳಗಿನ ಒಂದಡಿ. ಕರು ಮೂತಿ ಹಾಕಿ ಎತ್ತುತ್ತೆ. ಎರಡು ಕಂಬದ ಮಧ್ಯೆ ತುದಿ ಬಗ್ಗಿಸಿದ ಎರಡಡಿ ಕಬ್ಬಿಣದ ಸರಳು ಹೊಡೆದು, ಕೆಳತಂತಿಯನ್ನು ಅದರ ಕೊಕ್ಕೆಗೆ ಸಿಕ್ಕಿಸಿ. ಮಣ್ಣೇರಿಸಿ ಮುಚ್ಚೋದು ಬೇಡ, ಜಾಲರಿ ಬೇಗ ತುಕ್ಕು ಹಿಡಿಯುತ್ತೆ.

ಇನ್ನು ನೀವು ಕೇಳಿದ ಝಟ್ಕಾ ಬೇಲಿ ವಿಷಯ:
ಸರಿಯಾದ ಮಷೀನ್ ಇದ್ರೆ ಅಪಾಯ ಇಲ್ಲ. ಹೊಡೆತ ಸುಮಾರು ಸೆಕೆಂಡಿಗೊಮ್ಮೆ, ಕ್ಷಣಮಾತ್ರ. ಮನೆ ಕರೆಂಟನ್ನು ನೇರ ತಂತಿಗೆ ಕೊಡೋದು ಮಾತ್ರ ಪ್ರಾಣ ತೆಗೆಯೋ ಕೆಲಸ, ಅಪರಾಧ ಕೂಡ. ಮುಳ್ಳುತಂತಿಗೆ ಝಟ್ಕಾ ಕೊಡಲೇಬೇಡಿ: ಸಿಕ್ಕಿಕೊಂಡ ಕರುಗೆ ಬಿಡಿಸೋವರೆಗೂ ಹೊಡೀತಾನೇ ಇರುತ್ತೆ.

ಕರುಗಳಿಗೆ ನೆಲದಿಂದ 15 ಮತ್ತು 30 ಇಂಚಿಗೆ ಎರಡು ಸಾಲು ನುಣುಪು ತಂತಿ. ಅರ್ಥಿಂಗಿಗೆ (ಕರೆಂಟ್ ನೆಲದ ಮೂಲಕ ಮಷೀನಿಗೆ ವಾಪಸ್ ಬರೋಕೆ) 6 ಅಡಿಯ ಮೂರು ರಾಡು, ಹತ್ತಡಿ ಅಂತರದಲ್ಲಿ. ಬೇಸಿಗೇಲಿ ಕೆಮ್ಮಣ್ಣು ಒಣಗಿದ್ರೆ ಅರ್ಥ್ ಸಿಗಲ್ಲ, ರಾಡಿನ ಬುಡಕ್ಕೆ ನೀರು ಹಾಕಬೇಕು. ಬೇಲಿಯ ಕೊನೇ ತುದೀಲಿ ಟೆಸ್ಟರ್ 3,000 ವೋಲ್ಟಿಗಿಂತ ಕಡಿಮೆ ತೋರಿಸಿದ್ರೆ ಸಾಮಾನ್ಯವಾಗಿ ಎಲ್ಲೋ ಹುಲ್ಲು ತಾಗ್ತಿದೆ ಅಂತ ಲೆಕ್ಕ. ಕೆಳಸಾಲಿಗೆ ಮಳೆಗಾಲದಲ್ಲಿ ವಾರವಾರ ಇದೇ ಕಥೆ.

ಝಟ್ಕಾ ಗೊತ್ತಿಲ್ಲದ ಕರು ಮೊದಲ ಏಟಿಗೆ ಮುಂದಕ್ಕೆ ಹಾರುತ್ತೆ. ಅದಕ್ಕೇ ಜಾಲರಿ ಇರೋ ಚಿಕ್ಕ ಆವರಣದೊಳಗೆ ಒಂದು ಸಾಲು ಎಳೆದು ಎರಡು ಮೂರು ದಿನ ಅಭ್ಯಾಸ ಮಾಡಿಸಿ. ಝಟ್ಕಾವನ್ನೇ ಏಕೈಕ ಬೇಲಿ ಮಾಡ್ಕೊಳ್ಳೋದು ಆರು ತಿಂಗಳು ದಾಟಿದ ಮೇಲೆ ಸಾಕು ಅಂತ ನನ್ನ ಅಭಿಪ್ರಾಯ.

ಕೊಟ್ಟಿಗೆ:
ಗೇಟು ಮರೀಬೇಡಿ. ಸರಳುಗಳ ಸಂದಿ ದೊಡ್ಡದಿದ್ರೆ ತಲೆ ಸಿಕ್ಕಿಕೊಳ್ಳುತ್ತೆ. ಕೆಳಗಿನ ಅರ್ಧಕ್ಕೆ ಅದೇ ಜಾಲರಿ ತುಂಡು ಕಟ್ಟಿ. ಕೆಲಸ ಮುಗಿದ ದಿನವೇ ಕತ್ತರಿಸಿದ ತಂತಿ ಚೂರು ಪೂರ್ತಿ ಆಯ್ದುಬಿಡಿ. ಹುಲ್ಲಿನ ಜೊತೆ ನುಂಗಿದ್ರೆ ಹೊಟ್ಟೆ ಗೋಡೆ ಚುಚ್ಚಿ ಹೃದಯದವರೆಗೂ ಹೋಗಬಹುದು. ಬೇಲಿ ಪಕ್ಕದ ಲಂಟಾನ, ಕಣಗಿಲೆ ಬುಡಸಮೇತ ಕಿತ್ತುಹಾಕಿ, ತಿಂದ್ರೆ ವಿಷ. ತಾಯಿ ಹಸುಗಳನ್ನು ಕಣ್ಣಿಗೆ ಕಾಣೋ ಜಾಗದಲ್ಲಿ ಕಟ್ಟಿದ್ರೆ ಕರುಗಳು ಎಂಥ ಬೇಲಿಯನ್ನೂ ತಳ್ಳುತ್ತವೆ.

ತಿಪಟೂರು ತೋಟ:
ಜಾಲರಿನೇ ಹಾಕಿಸ್ತೀನಿ. ಒಂದು ಮೂಲೆಯಲ್ಲಿ ಎರೆಮಣ್ಣು, ಕಂಬ ಈಗಲೇ ವಾಲಿದೆ.

ಬದುಬೇಲಿ:
ಆ ಕಂಬ ಕಿತ್ತು ಎರಡೂವರೆ ಅಡಿ ಆಳಕ್ಕೆ ಮತ್ತೆ ನೆಡಿ. ಅದೇ ಎರೆಮಣ್ಣು ತುಂಬಬೇಡಿ, ಗರಸು–ಜಲ್ಲಿ ಹಾಕಿ ಅರ್ಧರ್ಧ ಅಡಿಗೆ ದಮ್ಮಸ್ಸು ಮಾಡಿ. ನಾಲ್ಕು ಮೂಲೆಗೂ ಎರಡೂ ಬದಿ ಓರೆ ಆಸರೆ ಕಲ್ಲು ಬೇಕು, ಒಟ್ಟು ಎಂಟು. ತಂತಿ ಎಳೆಯೋದು ಅದಾದ ಮೇಲೆ.